ಎಪ್ಪತ್ತರ ದಶಕದ ಕೊನೆಯ ಪಾಂಟಿಯಾಕ್ ಟ್ರಾನ್ಸ್ ಆಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಅಮೆರಿಕನ್ ಗಾಡಿಗಳ ಮಾತು ಬಂದರೆ ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಈ ಒಂದೇ ಗಾಡಿಯ ಮುಂದೆ. ಕಪ್ಪು ಬಣ್ಣ, ಬಂಗಾರದ ಗೆರೆ, ಬಾನೆಟ್ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ. ಅಮೆರಿಕದಲ್ಲಿರುವ ಕನ್ನಡಿಗರು ಕೊಳ್ಳುವ ಮುಂಚೆ ಕೇಳುತ್ತಾರೆ, ಊರಲ್ಲಿರುವವರು ಕುತೂಹಲಕ್ಕೆ ಕೇಳುತ್ತಾರೆ. 1977ರಿಂದ 1979ರವರೆಗಿನ ಗಾಡಿಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಸುಲಭದ್ದು ಮೊದಲು, ತಲೆ ಕೆಡಿಸಿಕೊಳ್ಳುವಂಥದ್ದು ಆಮೇಲೆ.

## ಮೊದಲ ಪರಿಚಯ

ಟ್ರಾನ್ಸ್ ಆಮ್ ಅನ್ನೋದು ಕಂಪನಿ ಹೆಸರಾ, ಗಾಡಿ ಹೆಸರಾ?

ಎರಡೂ ಅಲ್ಲ. ಕಂಪನಿ ಜನರಲ್ ಮೋಟರ್ಸ್, ಅದರ ವಿಭಾಗ ಪಾಂಟಿಯಾಕ್, ಗಾಡಿ ಫೈರ್‌ಬರ್ಡ್. ಆ ಫೈರ್‌ಬರ್ಡ್‌ನ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಜೋರಿನ ಅವತಾರವೇ ಟ್ರಾನ್ಸ್ ಆಮ್. ಫೈರ್‌ಬರ್ಡ್ 1967ರಲ್ಲಿ ಬಂತು, ಟ್ರಾನ್ಸ್ ಆಮ್ 1969ರಲ್ಲಿ. ಶೆವರ್ಲೆ ಕಮಾರೋ ಇದರ ದಾಯಾದಿ, ಇಬ್ಬರದ್ದೂ ಒಂದೇ ಅಡಿಪಾಯ.

ಹೆಸರು ಬಂದದ್ದು ಅಮೆರಿಕದ ಒಂದು ರೇಸ್ ಸರಣಿಯಿಂದ. ಆ ಹೆಸರು ಬಳಸುವುದಕ್ಕೆ ಪಾಂಟಿಯಾಕ್ ಪ್ರತಿ ಗಾಡಿಗೆ 5 ಡಾಲರ್ ಕೊಡುತ್ತಿತ್ತು. ತಮಾಷೆ ಏನೆಂದರೆ ಆ ರೇಸಿನಲ್ಲಿ ಎಂಜಿನ್ 5 ಲೀಟರ್ ದಾಟುವಂತಿರಲಿಲ್ಲ. ಮೊದಲ ಟ್ರಾನ್ಸ್ ಆಮ್‌ನ ಎಂಜಿನ್ 6.6 ಲೀಟರ್! ಅಂದರೆ ಹೆಸರು ಕೊಟ್ಟ ರೇಸಿಗೇ ಈ ಗಾಡಿಗೆ ಪ್ರವೇಶವಿರಲಿಲ್ಲ.

ಬಾನೆಟ್ ಮೇಲಿರೋ ದೊಡ್ಡ ಹಕ್ಕಿ ಕಂಪನಿಯದ್ದೇನಾ, ಆಮೇಲೆ ಅಂಟಿಸಿದ್ದಾ?

ಕಂಪನಿಯದ್ದೇ. 1973ರಲ್ಲಿ ಶುರುವಾಯಿತು. ಡಿಸೈನರ್ ಜಾನ್ ಶಿನೆಲ್ಲಾ ತಂಡದ ಕೆಲಸ ಅದು. ಜಿಎಂ ಡಿಸೈನ್ ಮುಖ್ಯಸ್ಥ ಬಿಲ್ ಮಿಚೆಲ್‌ಗೆ ಮೊದಲು ಹಿಡಿಸಿರಲಿಲ್ಲ, ಆಮೇಲೆ ಒಪ್ಪಿದರು. ಅಮೆರಿಕನ್ನರು ಇದನ್ನು 'ಸ್ಕ್ರೀಮಿಂಗ್ ಚಿಕನ್' ಎಂದು ಕಿಚಾಯಿಸುತ್ತಾರೆ, ಪ್ರೀತಿಯಿಂದಲೇ. ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಆಪ್ಷನ್ ಆಗಿದ್ದರಿಂದ ಹಕ್ಕಿ ಇಲ್ಲದ ಒರಿಜಿನಲ್ ಗಾಡಿಗಳೂ ಇವೆ. ಹಕ್ಕಿ ಇಲ್ಲ ಅಂದ ಮಾತ್ರಕ್ಕೆ ಅನುಮಾನ ಪಡಬೇಡಿ.

ಸಿನಿಮಾದಲ್ಲಿ ಬರ್ಟ್ ರೆನಾಲ್ಡ್ಸ್ ಓಡಿಸ್ತಾನಲ್ಲ, ಅದು ಇದೇ ಗಾಡೀನಾ?

ಹೌದು. 1977ರ 'ಸ್ಮೋಕಿ ಅಂಡ್ ದ ಬ್ಯಾಂಡಿಟ್' ಸಿನಿಮಾದ ಕಪ್ಪು–ಬಂಗಾರದ ಗಾಡಿ. ಆ ಬಣ್ಣದ ಸ್ಪೆಷಲ್ ಎಡಿಷನ್ ಸಿನಿಮಾಕ್ಕೆ ಮುಂಚೆಯೇ ಇತ್ತು. ಪಾಂಟಿಯಾಕ್‌ಗೆ 50 ವರ್ಷ ತುಂಬಿದ್ದಕ್ಕೆ 1976ರಲ್ಲಿ ಹೊರತಂದದ್ದು. ಸಿನಿಮಾ ಬಂದ ಮೇಲೆ ಮಾರಾಟ ಎಲ್ಲಿಗೆ ಹೋಯಿತು ನೋಡಿ: 1976ರಲ್ಲಿ 46 ಸಾವಿರದ ಚಿಲ್ಲರೆ ಟ್ರಾನ್ಸ್ ಆಮ್ ಮಾರಿದ್ದ ಪಾಂಟಿಯಾಕ್, 1979ರಲ್ಲಿ 1 ಲಕ್ಷ 17 ಸಾವಿರ ಮಾರಿತು. ಪೂರ್ತಿ ಸಿನಿಮಾದ ಪುಣ್ಯ ಅಂತ ನಾನು ಹೇಳುವುದಿಲ್ಲ. 1974ರ ನಂತರ ಕಮಾರೋ ಜೆಡ್/28 ಎರಡು ವರ್ಷಕ್ಕೂ ಜಾಸ್ತಿ ಮಾರುಕಟ್ಟೆಯಲ್ಲೇ ಇರಲಿಲ್ಲ. ಆ ಖಾಲಿ ಮೈದಾನದಲ್ಲಿ ಇದು ಆಗಲೇ ಬೇರು ಬಿಟ್ಟಿತ್ತು.

ಇಷ್ಟು ಮಾರಾಟವಾದ ಮೇಲೆ 'ಅಪರೂಪದ ಗಾಡಿ' ಅನ್ನುವ ಮಾತಿಗೆ ಅರ್ಥ ಇಲ್ಲ. ಅಪರೂಪ ಆಗಿರುವುದು ಗಾಡಿಯಲ್ಲ, ಕೆಡದೆ ಉಳಿದ ಗಾಡಿ.

77, 78, 79 ಎಲ್ಲಾ ಒಂದೇ ಥರ ಕಾಣುತ್ತೆ. ದೂರದಿಂದ ಹೇಗೆ ಗುರುತು ಹಿಡಿಯೋದು?

ಮುಖ ನೋಡಿ. 1977 ಮತ್ತು 78ರಲ್ಲಿ ನಾಲ್ಕು ಚೌಕ ಹೆಡ್‌ಲೈಟ್ ಜೋಡಿ ಜೋಡಿಯಾಗಿ ಗ್ರಿಲ್ ಪಕ್ಕದಲ್ಲೇ ಇರುತ್ತವೆ. 77ರ ಗ್ರಿಲ್ ಜೇನುಗೂಡಿನ ವಿನ್ಯಾಸ, 78ರದ್ದು ಅಡ್ಡ–ಉದ್ದ ಗೆರೆಗಳ ಜಾಲರಿ. 79ಕ್ಕೆ ಮುಖವೇ ಬದಲು: ನಾಲ್ಕೂ ಲೈಟಿಗೆ ಬೇರೆ ಬೇರೆ ಗೂಡು, ಗ್ರಿಲ್ ಕೆಳಗೆ ಬಂಪರಿಗೆ ಇಳಿದಿದೆ. ಹಿಂದೆ ಈ ತುದಿಯಿಂದ ಆ ತುದಿಗೆ ಒಂದೇ ಪಟ್ಟಿಯಂಥ ಟೇಲ್‌ಲೈಟ್. ಯಾವುದು ಚಂದ ಎಂದು ಕೇಳಿದರೆ ನನ್ನ ಓಟು 78ಕ್ಕೆ.

ಗಾಡಿ ಕಣ್ಣಾರೆ ನೋಡಬೇಕು. ಎಲ್ಲಿ ಹೋಗಲಿ?

ಮಿಶಿಗನ್ ಕಡೆ ಇದ್ದರೆ ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯ್ಟ್ ಪಕ್ಕದ ವುಡ್‌ವರ್ಡ್ ಅವೆನ್ಯೂಗೆ ಹೋಗಿ. ವುಡ್‌ವರ್ಡ್ ಡ್ರೀಮ್ ಕ್ರೂಸ್ 1995ರಿಂದ ನಡೆಯುತ್ತಿದೆ. ರಸ್ತೆ ಬದಿಗೆ ಒಂದು ಮಡಚುವ ಕುರ್ಚಿ ಹಾಕಿ ಕೂತರೆ ಸಾಕು, ಟ್ರಾನ್ಸ್ ಆಮ್‌ಗಳು ತಾವೇ ಬರುತ್ತವೆ. ಆ ರಸ್ತೆ ಕೊನೆಗೆ ತಲುಪುವುದೂ ಪಾಂಟಿಯಾಕ್ ಅನ್ನುವ ಊರಿಗೇ. ಓಹಾಯೊದ ಡೇಟನ್ ಸುತ್ತಮುತ್ತ ಬೇಸಿಗೆ ಕೊನೆಯಲ್ಲಿ ಇದೇ ಗಾಡಿಗಳ ದೊಡ್ಡ ಕೂಟ ಸೇರುತ್ತದೆ. ಕೊಳ್ಳುವ ಯೋಚನೆ ಇದ್ದವರು ಮೊದಲು ಅಲ್ಲಿ ಒಂದು ದಿನ ಸುಮ್ನೆ ಓಡಾಡಬೇಕು. ಒಳ್ಳೇ ಗಾಡಿ ಹೇಗಿರುತ್ತದೆ ಎಂದು ಕಣ್ಣು ಪಳಗುತ್ತದೆ.

## ಎಂಜಿನ್ ಮತ್ತು ಓಟ

6.6 ಲೀಟರ್ ಎಂಜಿನ್ ಇಟ್ಕೊಂಡು ಬರೀ 220 ಎಚ್‌ಪಿನಾ? ಇವತ್ತಿನ ಫ್ಯಾಮಿಲಿ ಕಾರಿಗೂ ಅಷ್ಟಿರುತ್ತೆ ಅಲ್ವಾ?

ಇರುತ್ತದೆ. ಸಂಖ್ಯೆ ಕಮ್ಮಿಯಾಗಿದ್ದಕ್ಕೆ ಎರಡು ಕಾರಣ. ಒಂದು, ಅಳೆಯುವ ವಿಧಾನ ಬದಲಾಯಿತು. 1971ರವರೆಗೆ ಅಮೆರಿಕದಲ್ಲಿ ಎಂಜಿನ್ ಒಂದನ್ನೇ ಸ್ಟ್ಯಾಂಡ್ ಮೇಲೆ ಇಟ್ಟು, ಸೈಲೆನ್ಸರ್, ಫ್ಯಾನ್ ಯಾವುದೂ ಇಲ್ಲದೆ ಅಳೆಯುತ್ತಿದ್ದರು. 1972ರಿಂದ ಗಾಡಿಯಲ್ಲಿ ಹೇಗಿರುತ್ತದೋ ಹಾಗೇ ಎಲ್ಲ ಜೋಡಿಸಿ ಅಳೆದರು. ಅದೇ ಎಂಜಿನ್ ಕಾಗದದ ಮೇಲೆ ಇಳಿಯಿತು. ಎರಡು, ಹೊಗೆ ನಿಯಮ. ಸೀಸ ಇಲ್ಲದ ಪೆಟ್ರೋಲಿಗಾಗಿ ಕಂಪ್ರೆಷನ್ 10ರಿಂದ 8ರ ಸುತ್ತಮುತ್ತ ಇಳಿಯಿತು, 1975ರಿಂದ ಕ್ಯಾಟಲಿಟಿಕ್ ಕನ್ವರ್ಟರ್ ಬಂತು.

ಆದರೆ ಓಡಿಸುವಾಗ ಗೊತ್ತಾಗುವುದು ಎಚ್‌ಪಿ ಅಲ್ಲ, ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. 1978ರ ಡಬ್ಲ್ಯೂ72 ಎಂಜಿನ್ (6.6 ಲೀಟರಿನಲ್ಲೇ ಜೋರಿನದ್ದು) 2,800 ಆರ್‌ಪಿಎಂಗೇ ಸುಮಾರು 434 ನ್ಯೂಟನ್ ಮೀಟರ್ ಕೊಡುತ್ತದೆ. ಸಿಗ್ನಲ್ ಹಸಿರಾದಾಗ ಆಕ್ಸಿಲರೇಟರ್ ಅರ್ಧ ಒತ್ತಿ. ಗಾಡಿ ಮೊದಲು ಎಡ–ಬಲಕ್ಕೆ ಒಮ್ಮೆ ಅಲುಗುತ್ತದೆ, ಮೂತಿ ಎತ್ತುತ್ತದೆ, ಆಮೇಲೆ ಎಳೆಯುತ್ತದೆ. ಗಂಟೆಗೆ 60 ಮೈಲಿ ಮುಟ್ಟುವುದಕ್ಕೆ ಏಳು ಸೆಕೆಂಡ್ ಆಸುಪಾಸು. 1978ರ ಅಮೆರಿಕದಲ್ಲಿ ಅದು ಜೋರೇ. ಮೈಲೇಜ್ ಮಾತ್ರ ಕೇಳಬೇಡಿ. ಲೀಟರಿಗೆ ಐದಾರು ಕಿಲೋಮೀಟರ್ ಬಂದರೆ ನಿಮ್ಮ ಪುಣ್ಯ.

ಒಂದು ಗಾಡಿ ಮೇಲೆ 'ಟಿ/ಎ 6.6' ಅಂತಿದೆ, ಇನ್ನೊಂದ್ರಲ್ಲಿ '6.6 ಲೀಟರ್' ಅಂತಿದೆ. ಎರಡೂ ಒಂದೇ ತಾನೇ?

ಅಲ್ಲ, ಮತ್ತು ಸಾವಿರಾರು ಡಾಲರ್ ವ್ಯತ್ಯಾಸ ಇರುವುದು ಇಲ್ಲೇ. 'ಟಿ/ಎ 6.6' ಅಂದರೆ ಪಾಂಟಿಯಾಕ್‌ನದೇ 400 ಕ್ಯೂಬಿಕ್ ಇಂಚಿನ ಡಬ್ಲ್ಯೂ72: 1977ರಲ್ಲಿ 200 ಎಚ್‌ಪಿ, 78 ಮತ್ತು 79ರಲ್ಲಿ 220. '6.6 ಲೀಟರ್' ಎಂದಿದ್ದರೆ 77–78ರಲ್ಲಿ ಎರಡು ಸಾಧ್ಯತೆ: ಪಾಂಟಿಯಾಕ್‌ನ ಸಾದಾ 400, 180 ಎಚ್‌ಪಿ, ಇಲ್ಲವೇ ಓಲ್ಡ್ಸ್‌ಮೊಬೈಲ್ ವಿಭಾಗದಿಂದ ತಂದ 403, 185 ಎಚ್‌ಪಿ. 79ರಲ್ಲಿ ಇದು ಓಲ್ಡ್ಸ್ 403 ಮಾತ್ರ. ಆ ವರ್ಷ 400 ಬೇಕೆಂದರೆ ನಾಲ್ಕು ಗೇರಿನ ಮ್ಯಾನುಯಲ್ ಗಾಡಿಯನ್ನೇ ತೆಗೆದುಕೊಳ್ಳಬೇಕಿತ್ತು. ಆಟೋಮ್ಯಾಟಿಕ್ ಬೇಕು ಅಂದವರಿಗೆ 403. ಚಿಕ್ಕ 4.9 ಲೀಟರ್ ಎಂಜಿನ್ನೂ ಅದೇ ವರ್ಷ ಬಂತು, 150 ಎಚ್‌ಪಿ.

ಸ್ಟಿಕರ್ ಯಾರು ಬೇಕಾದರೂ ಅಂಟಿಸಬಹುದು. ಅದಕ್ಕೇ ಬಾನೆಟ್ ಎತ್ತಿ. ಎಂಜಿನ್ ಆಯಿಲ್ ಹಾಕುವ ಕೊಳವೆ ಎಂಜಿನ್ ಮುಂಭಾಗದಲ್ಲಿ ಉದ್ದಕ್ಕೆ ಎದ್ದು ನಿಂತಿದ್ದರೆ ಅದು ಓಲ್ಡ್ಸ್. ಮುಚ್ಚಳ ವಾಲ್ವ್ ಕವರ್ ಮೇಲಿದ್ದರೆ ಪಾಂಟಿಯಾಕ್. ಎರಡು ಸೆಕೆಂಡಿನ ಕೆಲಸ, ಆದರೂ ಎಷ್ಟೋ ಜನ ಸ್ಟಿಕರ್ ಓದಿ ದುಡ್ಡು ಕೊಡುತ್ತಾರೆ.

403ನ್ನು ಕೀಳಾಗಿ ನೋಡಬೇಡಿ. ಕೆಳಗಿನ ಆರ್‌ಪಿಎಂನಲ್ಲಿ ಚೆನ್ನಾಗಿ ಎಳೆಯುತ್ತದೆ, ಆಟೋಮ್ಯಾಟಿಕ್ ಜೊತೆ ಹೈವೇಗೆ ಹೇಳಿ ಮಾಡಿಸಿದ್ದು. ಸುಮ್ನೆ ಓಡಿಸಿ ಖುಷಿಪಡುವವರಿಗೆ ಅದೇ ಜಾಣ ಆಯ್ಕೆ. 403ರ ಗಾಡಿಗೆ 400ರ ರೇಟು ಕೊಡಬಾರದು, ಅಷ್ಟೇ.

ಬಾನೆಟ್‌ನಿಂದ ಹೊರಗೆ ಬಂದು ಅಲ್ಲಾಡೋ ಸ್ಕೂಪ್ ನಿಜವಾಗ್ಲೂ ಗಾಳಿ ಎಳೆಯುತ್ತಾ?

ಈ ವರ್ಷಗಳಲ್ಲಿ ಇಲ್ಲ. ಶೇಕರ್ ಸ್ಕೂಪ್ ಎಂಜಿನ್‌ಗೇ ಜೋಡಿಸಿದ್ದು, ಅದಕ್ಕೇ ಎಂಜಿನ್ ಜೊತೆ ನಡುಗುತ್ತದೆ. ಅದರ ಬಾಯಿ ಹಿಂದಕ್ಕೆ, ವಿಂಡ್‌ಶೀಲ್ಡ್ ಕಡೆಗಿದೆ. ಆದರೆ ಶಬ್ದದ ನಿಯಮಕ್ಕೆ ಹೆದರಿ ಕಂಪನಿ 1973ರಿಂದಲೇ ಆ ಬಾಯಿಗೆ ಒಂದು ತಗಡು ಹೊಡೆದು ಮುಚ್ಚಿತ್ತು. ಬಹಳ ಮಾಲೀಕರು ಅದನ್ನು ಕಿತ್ತು ಎಸೆದಿದ್ದಾರೆ. ನಿಮ್ಮ ಗಾಡಿಯಲ್ಲಿ ಆ ತಗಡು ಇನ್ನೂ ಇದ್ದರೆ ಮುಟ್ಟಬೇಡಿ.

ಡಬ್ಲ್ಯೂಎಸ್6 ಅಂತ ಜಾಸ್ತಿ ರೇಟು ಕೇಳ್ತಿದ್ದಾರೆ. ಅದೂ ಎಂಜಿನ್ನಾ?

ಎಂಜಿನ್ ಅಲ್ಲ, ಹ್ಯಾಂಡ್ಲಿಂಗ್ ಪ್ಯಾಕೇಜ್. 1978ರಲ್ಲಿ ಬಂತು: ಎಂಟು ಇಂಚು ಅಗಲದ ವೀಲ್, ದಪ್ಪ ಹಿಂದಿನ ಆಂಟಿ-ರೋಲ್ ಬಾರ್, ಚುರುಕು ಸ್ಟೀರಿಂಗ್. 79ರಲ್ಲಿ ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಸೇರಿತು. ಅಮೆರಿಕನ್ ಗಾಡಿ ತಿರುವಿನಲ್ಲಿ ತೂರಾಡುತ್ತದೆ ಅನ್ನುವವರನ್ನು ಇದರಲ್ಲಿ ಒಮ್ಮೆ ಕೂರಿಸಬೇಕು.

## ಕೊಳ್ಳುವ ಮುಂಚೆ

'ಚೆನ್ನಾಗಿ ಉಳಿದಿರೋ ಗಾಡಿ' ಅಂದ್ರೆ ಫಳಫಳ ಹೊಳೆಯೋದು ತಾನೇ?

ಹೊಳೆಯುವುದು ಹೆಚ್ಚಾಗಿ ಮತ್ತೆ ಪೇಂಟ್ ಹೊಡೆದದ್ದು. ಉಳಿದ ಗಾಡಿ ಅಂದರೆ ಫ್ಯಾಕ್ಟರಿಯಿಂದ ಬಂದ ಬಣ್ಣ, ಸೀಟು, ಗಾಜು, ಎಂಜಿನ್ ಜಾಸ್ತಿ ಪಾಲು ಹಾಗೇ ಇರುವುದು. ಅಂಥ ಗಾಡಿ ಹತ್ತಿರದಿಂದ ನೋಡಿದರೆ ಸ್ವಲ್ಪ ಮಂಕಾಗಿರುತ್ತದೆ. ಬಾಗಿಲ ಅಂಚಲ್ಲಿ ಬಣ್ಣ ಎದ್ದಿರುತ್ತದೆ, ಹಕ್ಕಿಯ ರೆಕ್ಕೆಯಲ್ಲಿ ಸಣ್ಣ ಬಿರುಕು ಕಾಣುತ್ತವೆ.

ಪತ್ತೆ ಹಚ್ಚುವುದಕ್ಕೆ ಸಣ್ಣ ಜಾಗಗಳನ್ನು ನೋಡಿ. ಸೀಟ್ ಬೆಲ್ಟಿನ ಬಟ್ಟೆ ಚೀಟಿಯಲ್ಲಿ ತಯಾರಾದ ಕಾಲ ಇರುತ್ತದೆ, ಅದು ಗಾಡಿ ತಯಾರಾಗುವುದಕ್ಕೆ ಸ್ವಲ್ಪ ಮುಂಚಿನದ್ದಾಗಿರಬೇಕು. ಎಲ್ಲ ಗಾಜಿನ ಮೂಲೆಯಲ್ಲೂ ಎಲ್‌ಒಎಫ್ (ಗಾಜು ಮಾಡಿದ ಕಂಪನಿಯ ಹೆಸರು) ಗುರುತಿದೆಯಾ ನೋಡಿ. ಡ್ಯಾಶ್‌ಬೋರ್ಡಿನ ಅಲ್ಯೂಮಿನಿಯಂ ಪಟ್ಟಿಯ ಸುರುಳಿ ಸುರುಳಿ ಉಜ್ಜು ಗೆರೆ ಸ್ವಿಚ್‌ಗಳ ಸುತ್ತ ಬೆರಳು ತಾಗಿ ಸವೆದಿರುತ್ತದೆ. ಸವೆದ ಪಟ್ಟಿ, ಸವೆದ ಪೆಡಲ್ ರಬ್ಬರ್, ಸವೆದ ಸ್ಟೀರಿಂಗ್ ಮೂರೂ ಒಂದೇ ಪ್ರಮಾಣದಲ್ಲಿದ್ದರೆ ಗಾಡಿ ಸುಳ್ಳು ಹೇಳುತ್ತಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ: ಒಂದೇ ದುಡ್ಡಿಗೆ ಹೊಸದಾಗಿ ರಿಪೇರಿ ಮಾಡಿ ಮಿಂಚುವ ಗಾಡಿ ಮತ್ತು ಮಂಕಾದ ಒರಿಜಿನಲ್ ಗಾಡಿ ಎರಡೂ ಸಿಕ್ಕರೆ ಮಂಕಾದದ್ದನ್ನೇ ತನ್ನಿ. ಹೊಳಪು ಯಾವಾಗ ಬೇಕಾದರೂ ತರಿಸಬಹುದು. ಫ್ಯಾಕ್ಟರಿ ಬಣ್ಣ ಒಮ್ಮೆ ಕೆರೆದರೆ ಹೋಯಿತು.

ತುಕ್ಕು ಎಲ್ಲೆಲ್ಲಿ ಹುಡುಕಬೇಕು?

ಕಣ್ಣಿಗೆ ಕಾಣುವ ಜಾಗದಲ್ಲಿ ಹುಡುಕಿ ಪ್ರಯೋಜನ ಇಲ್ಲ, ಮಾರುವವನು ಅಲ್ಲಿ ಆಗಲೇ ಕೈಯಾಡಿಸಿರುತ್ತಾನೆ. ಕೆಲಸ ಶುರುಮಾಡುವುದು ಡಿಕ್ಕಿಯಿಂದ. ಮ್ಯಾಟ್ ಎತ್ತಿ. ಎಡ–ಬಲ ಎರಡೂ ಬದಿಯಲ್ಲಿ ಡಿಕ್ಕಿಯ ನೆಲ ಕೆಳಕ್ಕೆ ಇಳಿಯುವ ಗುಂಡಿಯಂಥ ಜಾಗ ಇದೆ, ಅಲ್ಲಿ ಕೈ ಹಾಕಿ ಸವರಿ. ನೀರು ನಿಲ್ಲುವುದು ಅಲ್ಲೇ. ಆ ನೀರು ಬರುವುದು ಹಿಂದಿನ ಗಾಜಿನ ಕೆಳ ಅಂಚಿಂದ, ಹಾಗಾಗಿ ಅಲ್ಲಿಯ ಬೀಡಿಂಗ್ ಪಕ್ಕದಲ್ಲಿ ಬಣ್ಣ ಗುಳ್ಳೆ ಎದ್ದಿದೆಯಾ ನೋಡಿ.

ಆಮೇಲೆ ಹಿಂದಿನ ಚಕ್ರದ ಹಿಂದೆ ಕ್ವಾರ್ಟರ್ ಪ್ಯಾನೆಲ್‌ನ (ಹಿಂಬದಿಯ ಪಕ್ಕದ ತಗಡು) ಕೆಳಭಾಗ, ಬಾಗಿಲುಗಳ ತಳ, ಮುಂದಿನ ಫೆಂಡರ್‌ನ ಕೆಳ ಹಿಂಬದಿ. ವಿಂಡ್‌ಶೀಲ್ಡ್ ಬುಡದಲ್ಲಿ ಎಲೆ, ಕಸ ಸೇರಿ ನೀರಿನ ದಾರಿ ಕಟ್ಟಿಕೊಂಡರೆ ಅಲ್ಲಿಂದ ಒಳಗೆ ಸೋರಿ ಕಾಲಿಡುವ ನೆಲ ತಿಂದಿರುತ್ತದೆ. ಗಾಡಿ ಎತ್ತಿಸಿ ಮುಂದಿನ ಸಬ್‌ಫ್ರೇಮ್ ಬಾಡಿಗೆ ಸೇರುವ ಬುಷ್‌ಗಳನ್ನು ನೋಡಿ. ಈ ಗಾಡಿಗೆ ಪೂರ್ತಿ ಚಾಸಿಸ್ ಇಲ್ಲ, ಮುಂಭಾಗದ ಫ್ರೇಮ್ ಬಾಡಿಗೆ ಬೋಲ್ಟ್ ಮಾಡಿದ್ದು. ಅಲ್ಲಿ ತುಕ್ಕು ಹಿಡಿದಿದ್ದರೆ ಮಾತು ಮುಂದುವರಿಸಬೇಡಿ, ಟೀ ಕುಡಿದು ವಾಪಸ್ ಬನ್ನಿ.

ಮ್ಯಾಗ್ನೆಟ್ ಜೊತೆಗಿರಲಿ. ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ ಕ್ವಾರ್ಟರ್ ಪ್ಯಾನೆಲ್ ಮೇಲೆ ಹಿಡಿಯದಿದ್ದರೆ ಒಳಗೆ ಪುಟ್ಟಿ ತುಂಬಿದ್ದಾರೆ ಎಂದರ್ಥ. ಆದರೆ ಮೂತಿ ಮತ್ತು ಹಿಂದಿನ ಬಂಪರ್ ಯುರೆಥೇನ್ ಅನ್ನುವ ಪ್ಲಾಸ್ಟಿಕ್‌ನದ್ದು, ಅಲ್ಲಿ ಹೇಗೂ ಹಿಡಿಯುವುದಿಲ್ಲ. ಅಲ್ಲಿಯ ಬಣ್ಣ ಮಿಕ್ಕ ಮೈಗಿಂತ ಒಂದು ಛಾಯೆ ಬೇರೆ ಕಾಣುವುದೂ ಮಾಮೂಲು.

ಕೊನೆಯದಾಗಿ, ಮಿಶಿಗನ್, ಓಹಾಯೊ ಗಾಡಿ ಅಂದರೆ ಚಳಿಗಾಲದ ರಸ್ತೆ ಉಪ್ಪು ನೆನಪಿರಲಿ. ಆರಿಜೋನಾ ಗಾಡಿಯ ತಗಡು ಚೆನ್ನಾಗಿರುತ್ತದೆ, ಬದಲಿಗೆ ಬಿಸಿಲಿಗೆ ಡ್ಯಾಶ್‌ಬೋರ್ಡ್ ಸೀಳಿರುತ್ತದೆ. ಡ್ಯಾಶ್ ಹೊಸದು ಹಾಕಿಸಬಹುದು. ನೆಲ ಹಾಕಿಸುವುದು ಬೇರೆಯೇ ಕಥೆ.

ಓಡೋಮೀಟರ್‌ನಲ್ಲಿ 38 ಸಾವಿರ ಮೈಲಿ ಇದೆ. ನಂಬಬಹುದಾ?

ಓಡೋಮೀಟರ್ ಐದು ಅಂಕಿಯದ್ದು. 1 ಲಕ್ಷ ಆದ ಕೂಡಲೇ ಸೊನ್ನೆಗೆ ಬರುತ್ತದೆ. ಹಾಗಾಗಿ 38 ಸಾವಿರ ಅಂದರೆ 1 ಲಕ್ಷ 38 ಸಾವಿರವೂ ಇರಬಹುದು. ಹಳೇ ಸರ್ವೀಸ್ ರಸೀದಿ, ತಪಾಸಣೆ ಚೀಟಿ ವರ್ಷವಾರು ಸಿಕ್ಕರೆ ಮಾತ್ರ ನಂಬಿ.

ಬೆಳ್ಳಿ ಬಣ್ಣದ ಹತ್ತನೇ ವರ್ಷದ ಗಾಡಿ ತಗೊಳ್ಳೋದು ಲಾಭಾನಾ?

1979ರ ಟೆನ್ತ್ ಆನಿವರ್ಸರಿ ಎಡಿಷನ್, ಒಟ್ಟು 7,500 ಮಾಡಿದರು. ಬೆಳ್ಳಿ ಮೈ, ಕಡು ಬೂದು ಛಾವಣಿ, ಒಳಗೆ ಬೆಳ್ಳಿ ಲೆದರ್, ಫೆಂಡರ್‌ವರೆಗೂ ರೆಕ್ಕೆ ಚಾಚಿದ ಹಕ್ಕಿ. ಆ ವರ್ಷದ ಡೇಟೋನಾ 500 ರೇಸಿಗೆ ಇದೇ ಪೇಸ್ ಕಾರ್, ಅಂದರೆ ರೇಸ್ ಗಾಡಿಗಳ ಮುಂದೆ ಓಡುವ ಗಾಡಿ. ಆಗಲೇ 10 ಸಾವಿರ ಡಾಲರ್ ದಾಟಿತ್ತು. ಬಹಳ ಜನ ಕೊಂಡ ದಿನವೇ ಗ್ಯಾರೇಜಿನಲ್ಲಿಟ್ಟು ಬೀಗ ಹಾಕಿದ್ದರಿಂದ ಕಮ್ಮಿ ಮೈಲಿಯವು ಇನ್ನೂ ಸಿಗುತ್ತವೆ. ಅವುಗಳಲ್ಲಿ 1,817 ಮಾತ್ರ 400 ಎಂಜಿನ್ನು, ನಾಲ್ಕು ಗೇರಿನವು. ಲಾಭದ ಲೆಕ್ಕ ಹಾಕುವವರು ನೋಡುವುದು ಅವನ್ನೇ. ಬೆಳ್ಳಿ ಲೆದರ್ ಬೇಗ ಕೊಳೆ ಹಿಡಿಯುತ್ತದೆ ಅನ್ನುವುದು ಪ್ರತಿ ಮಾಲೀಕರ ಗೋಳು.

## ಮನೆಗೆ ತಂದ ಮೇಲೆ

ಪಾಂಟಿಯಾಕ್ ಮುಚ್ಚಿ ಹೋಯ್ತಲ್ಲ, ಪಾರ್ಟ್ಸ್ ಎಲ್ಲಿ ಸಿಗುತ್ತೆ?

ಪಾಂಟಿಯಾಕ್ 2010ಕ್ಕೆ ನಿಂತಿತು, ನಿಜ. ಆದರೆ ಇಷ್ಟು ಸಂಖ್ಯೆಯಲ್ಲಿ ಮಾರಿದ ಗಾಡಿಗೆ ಹೊಸದಾಗಿ ಪಾರ್ಟ್ಸ್ ತಯಾರಿಸುವವರು ಬೇಕಾದಷ್ಟಿದ್ದಾರೆ. ಫೆಂಡರ್‌ನಿಂದ ಹಿಡಿದು ಹಕ್ಕಿ ಸ್ಟಿಕರ್‌ವರೆಗೆ ಸಿಗುತ್ತದೆ. ಕಮಾರೋ ಜೊತೆ ಹಂಚಿಕೊಂಡ ಬ್ರೇಕ್, ಸಸ್ಪೆನ್ಷನ್ ಸಾಮಾನು ಮೂಲೆಯಂಗಡಿಯಲ್ಲೂ ಇದೆ. ಕಷ್ಟ ಇರುವುದು ಒರಿಜಿನಲ್ ತಾರೀಖಿನ ಸಾಮಾನಿಗೆ: ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಬಂಗಾರ ಛಾಯೆಯ ಸ್ನೋಫ್ಲೇಕ್ ವೀಲ್. ಗಾಡಿ ಜೊತೆ ಬಂದ ಯಾವುದನ್ನೂ ಎಸೆಯಬೇಡಿ, ಕೆಟ್ಟದ್ದಾದರೂ ಡಬ್ಬದಲ್ಲಿ ಹಾಕಿ ಹೆಸರು ಬರೆದಿಡಿ.

ಯಾವ ಆಯಿಲ್, ಯಾವ ಪೆಟ್ರೋಲ್?

ಇದರ ಕ್ಯಾಮ್‌ಶಾಫ್ಟ್ ಹಳೇ ನಮೂನೆಯ ಫ್ಲಾಟ್ ಟ್ಯಾಪೆಟ್‌ದು, ಲೋಹ ಲೋಹವನ್ನು ಉಜ್ಜುತ್ತದೆ. ಅದಕ್ಕೆ ಸತು ಮತ್ತು ರಂಜಕ ಇರುವ ಆಯಿಲ್ ಬೇಕು. ಈಗಿನ ಸಾಮಾನ್ಯ ಆಯಿಲ್‌ಗಳಲ್ಲಿ ಅದು ಕಮ್ಮಿ, ಹಾಗಾಗಿ ಹಳೇ ಗಾಡಿಗಳಿಗೆಂದೇ ಮಾರುವ ಆಯಿಲ್ ಹಾಕಿ. ಸೀಸ ಇಲ್ಲದ ಪೆಟ್ರೋಲಿಗೇ ಮಾಡಿದ ಎಂಜಿನ್, ಆ ಚಿಂತೆ ಬೇಡ. ಎಥನಾಲ್ ಮಾತ್ರ ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡಿಬಿಡುತ್ತದೆ. ಮೊದಲ ವಾರವೇ ಪೆಟ್ರೋಲ್ ಪೈಪೆಲ್ಲ ಬದಲಾಯಿಸಿ. ಕಾರ್ಬುರೇಟರ್ ಪಕ್ಕ ಸೋರುವ ಪೈಪ್ ಅಂದರೆ ಬೆಂಕಿ.

ಟಿ-ಟಾಪ್ ಸೋರುತ್ತೆ. ಸರಿ ಮಾಡಬಹುದಾ?

ಕಮ್ಮಿ ಮಾಡಬಹುದು. ಟಿ-ಟಾಪ್ ಅಂದರೆ ಛಾವಣಿಯಲ್ಲಿ ಬಿಚ್ಚಿ ತೆಗೆಯಬಹುದಾದ ಎರಡು ಗಾಜು. ಮೊದಲು ನಿಮ್ಮದು ಯಾವುದು ಎಂದು ನೋಡಿಕೊಳ್ಳಿ. 1976ರಿಂದ ಬಂದದ್ದು ಹರ್ಸ್ಟ್ ಕಂಪನಿಯ ಸಣ್ಣ ಗಾಜು, 1978ರಲ್ಲಿ ಶುರುವಾದದ್ದು ಜಿಎಂನ ಫಿಶರ್ ವಿಭಾಗದ ದೊಡ್ಡ ಗಾಜು. ಒಂದರ ರಬ್ಬರ್ ಇನ್ನೊಂದಕ್ಕೆ ಕೂರುವುದಿಲ್ಲ. ಹರ್ಸ್ಟ್‌ನದ್ದು ಜಾಸ್ತಿ ಸೋರುತ್ತದೆ. ಹೊಸ ರಬ್ಬರ್ ಹಾಕಿ, ನೀರು ಹರಿಯುವ ತೂತು ಸ್ವಚ್ಛ ಮಾಡಿ. ಆಮೇಲೂ ಮಳೆಯಲ್ಲಿ ತೊಡೆ ಮೇಲೆ ನಾಲ್ಕು ಹನಿ ಬಿದ್ದರೆ ಅದು ಗಾಡಿಯ ಗುಣ.

ನಾನು ಬೇ ಏರಿಯಾದಲ್ಲಿದ್ದೀನಿ. ಇಷ್ಟು ಹಳೇ ಗಾಡಿಗೆ ಸ್ಮಾಗ್ ಟೆಸ್ಟ್ ಬೇಡ ಅಲ್ವಾ?

ಬೇಕು! ಕ್ಯಾಲಿಫೋರ್ನಿಯಾದಲ್ಲಿ ವಿನಾಯಿತಿ 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ಗಳಿಗೆ ಮಾತ್ರ. 1976ರಿಂದ ಈಚಿನವು ಎರಡು ವರ್ಷಕ್ಕೊಮ್ಮೆ ಪಾಸಾಗಬೇಕು. ಹೊಗೆಯ ಜೊತೆ ಕ್ಯಾಟಲಿಟಿಕ್ ಕನ್ವರ್ಟರ್, ವ್ಯಾಕ್ಯೂಮ್ ಪೈಪು ಎಲ್ಲ ಇದೆಯಾ ಎಂದೂ ನೋಡುತ್ತಾರೆ. ಬಾನೆಟ್ ಕೆಳಗಿನ ಎಮಿಷನ್ ಸ್ಟಿಕರ್ ಇಲ್ಲಿ ಬಂಗಾರ. ಬೇರೆ ರಾಜ್ಯದಿಂದ ತರುವುದಿದ್ದರೆ ದುಡ್ಡು ಕೊಡುವ ಮುಂಚೆ ಅದರ ಫೋಟೋ ತರಿಸಿ.

ಊರಿಗೆ ತಂದು ಬೆಂಗಳೂರಲ್ಲಿ ಓಡಿಸಬಹುದಾ?

ಆಸೆ ಒಳ್ಳೆಯದೇ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯೇ ವಿಂಟೇಜ್. 1979ರ ಗಾಡಿ ಆ ಸಾಲಿಗೆ ಸೇರುವುದು 2029ಕ್ಕೆ. ಆಗಲೂ 'ವಿಎ' ಸರಣಿಯ ನಂಬರ್ ಪ್ಲೇಟ್ ಹಾಕಿ ಪ್ರದರ್ಶನ, ರ‍್ಯಾಲಿ, ಸರ್ವೀಸ್, ಪೆಟ್ರೋಲ್ ಹಾಕಿಸುವಂಥ ಓಡಾಟಕ್ಕಷ್ಟೇ ಅವಕಾಶ, ದಿನಾ ಆಫೀಸಿಗಲ್ಲ. ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು ಎಂಬ ಷರತ್ತೂ ಇದೆ. ಎಡಗಡೆ ಸ್ಟೀರಿಂಗ್ ಬೇರೆ. ಅದರ ಮೇಲೆ ಆಮದು ಸುಂಕ. ಕಸ್ಟಮ್ಸ್ ಏಜೆಂಟ್ ಜೊತೆ ಮಾತಾಡದೆ ಹಡಗಿಗೆ ಹತ್ತಿಸಬೇಡಿ.

## ತಲೆ ಕೆಡಿಸಿಕೊಳ್ಳುವವರಿಗೆ

ಚಾಸಿಸ್ ನಂಬರ್ ನೋಡಿ ಎಂಜಿನ್ ಯಾವುದು ಅಂತ ಹೇಳಬಹುದಾ?

ಅರ್ಧ ಹೇಳಬಹುದು. ಡ್ಯಾಶ್ ಮೇಲೆ ವಿಂಡ್‌ಶೀಲ್ಡ್ ಮೂಲಕ ಕಾಣುವ ನಂಬರ್ 13 ಅಕ್ಷರದ್ದು. ಮೊದಲ '2' ಪಾಂಟಿಯಾಕ್, ನಂತರದ 'ಡಬ್ಲ್ಯೂ' ಟ್ರಾನ್ಸ್ ಆಮ್, '87' ಬಾಡಿ. ಐದನೆಯದು ಎಂಜಿನ್: 'ಜೆಡ್' ಅಂದರೆ ಪಾಂಟಿಯಾಕ್ 400, 'ಕೆ' ಅಂದರೆ ಓಲ್ಡ್ಸ್ 403. ಆಮೇಲೆ ವರ್ಷ, ನಂತರ ಕಾರ್ಖಾನೆ: 'ಎನ್' ಓಹಾಯೊದ ನಾರ್ವುಡ್, 'ಎಲ್' ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್. ಎರಡನೇ ಅಕ್ಷರ ಡಬ್ಲ್ಯೂ ಅಲ್ಲದಿದ್ದರೆ ಅದು ಸಾದಾ ಫೈರ್‌ಬರ್ಡ್‌ಗೆ ವೇಷ ಹಾಕಿದ್ದು.

77–78ರಲ್ಲಿ ಸಾದಾ 400ಕ್ಕೂ ಡಬ್ಲ್ಯೂ72ಗೂ ಒಂದೇ 'ಜೆಡ್'. ಅಲ್ಲಿ ಕಾಗದ ಬೇಕು. ಪಿಎಚ್‌ಎಸ್ ಎಂಬ ಸಂಸ್ಥೆ ಹಳೇ ಪಾಂಟಿಯಾಕ್‌ಗಳ ಫ್ಯಾಕ್ಟರಿ ಇನ್ವಾಯ್ಸ್ ಪ್ರತಿಯನ್ನು ಶುಲ್ಕ ತಗೊಂಡು ಕೊಡುತ್ತದೆ. ಯಾವ ಆಪ್ಷನ್, ಎಷ್ಟು ಡಾಲರ್, ಯಾವ ಡೀಲರ್, ಎಲ್ಲ ಅದರಲ್ಲಿದೆ. ಮಾರುವವನು ತೋರಿಸುವ ಪ್ರತಿ ನೋಡಿ ಸುಮ್ಮನಾಗಬೇಡಿ, ನೀವೇ ತರಿಸಿ. ಅದೃಷ್ಟ ಇದ್ದರೆ ಅಸೆಂಬ್ಲಿ ಲೈನಿನ ಬಿಲ್ಡ್ ಶೀಟ್ ಹಿಂದಿನ ಸೀಟಿನ ಸ್ಪ್ರಿಂಗ್‌ನಲ್ಲೋ ಪೆಟ್ರೋಲ್ ಟ್ಯಾಂಕಿನ ಮೇಲೋ ಸಿಕ್ಕಿಕೊಂಡಿರುತ್ತದೆ. ಪುಡಿಪುಡಿಯಾಗಿರುತ್ತದೆ, ನಿಧಾನಕ್ಕೆ ತೆಗೆಯಿರಿ.

ಎಂಜಿನ್ ಗಾಡಿಯದ್ದೇ ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ?

ಪಾಂಟಿಯಾಕ್ ಬ್ಲಾಕ್‌ನ ಮುಂಭಾಗದಲ್ಲಿ, ಪ್ಯಾಸೆಂಜರ್ ಬದಿಯ ಹೆಡ್‌ನ ಕೆಳಗೆ ಎಂಜಿನ್ ಕೋಡ್ ಮತ್ತು ಚಾಸಿಸ್ ನಂಬರಿನ ಕೊನೆಯ ಭಾಗ ಒತ್ತಿರುತ್ತದೆ. ಟಾರ್ಚ್, ಬ್ರೇಕ್ ಕ್ಲೀನರ್, ಬಟ್ಟೆ ಒಯ್ಯಿರಿ. ಅಲ್ಲಿ ಗ್ರೀಸ್ ಗಟ್ಟಿಯಾಗಿ ಕೂತಿರುತ್ತದೆ. 1978ರ ಮ್ಯಾನುಯಲ್ ಡಬ್ಲ್ಯೂ72ಗೆ ಕೋಡ್ 'ಡಬ್ಲ್ಯೂಸಿ', 1979ರದ್ದಕ್ಕೆ 'ಪಿಡಬ್ಲ್ಯೂಎಚ್'.

79ರ ಗಾಡಿಯಲ್ಲಿ ಬ್ಲಾಕಿನ ಎರಕದ ತಾರೀಖು ಗಾಡಿಗಿಂತ ಬಹಳ ಮುಂಚಿನದ್ದಾಗಿದ್ದರೆ ಗಾಬರಿ ಬೇಡ. ಪಾಂಟಿಯಾಕ್ 400 ಎಂಜಿನ್ ಮಾಡುವುದನ್ನು ಆಗಲೇ ನಿಲ್ಲಿಸಿತ್ತು, 79ಕ್ಕೆ ಹಾಕಿದ್ದು ಎತ್ತಿಟ್ಟ ದಾಸ್ತಾನು. ಎಂಟು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ ಗಾಡಿಗಷ್ಟೇ ಅದು ಸಿಕ್ಕಿತು. ಗಾಬರಿಯಾಗಬೇಕಾದದ್ದು ಆ ಜಾಗ ನುಣ್ಣಗೆ ಉಜ್ಜಿದಂತಿದ್ದರೆ, ಅಂಕಿಗಳು ತೀರಾ ನೇರವಾಗಿ ಚೊಕ್ಕವಾಗಿದ್ದರೆ. ಕಾರ್ಖಾನೆಯ ಕೆಲಸಗಾರ ಕೈಯಿಂದ ಹೊಡೆದ ಅಂಕಿ ಸ್ವಲ್ಪ ಓರೆ ಇರುತ್ತದೆ, ಒಂದು ಆಳ, ಒಂದು ತೆಳು. ಬ್ಲಾಕಿನ ಮಿಕ್ಕ ಭಾಗ ಒರಟಾಗಿದ್ದು ನಂಬರಿನ ಜಾಗ ಮಾತ್ರ ಕನ್ನಡಿಯಂತಿದ್ದರೆ ಅಲ್ಲಿ ಹಳೇ ನಂಬರ್ ಅಳಿಸಿ ಹೊಸದು ಒತ್ತಿದ್ದಾರೆ ಎಂದೇ ಲೆಕ್ಕ.